ಮಕ್ಕಳ ಮೂಳೆಗಳ ಮಾದರಿ ಸೆಟ್: ದವಡೆಗೆ ಪೂರ್ತಿ ಅಂಕ, ಕೈಪಿಡಿಗೆ ಅರ್ಧ

ಉತ್ಖನನದಲ್ಲಿ ಸಿಕ್ಕ ಮಕ್ಕಳ ಮೂಳೆಗಳ ಅಚ್ಚು ತೆಗೆದು ರೆಸಿನ್‌ನಲ್ಲಿ ಮಾಡಿದ ಸೆಟ್ ಇದು. ಕೆಳದವಡೆ, ತೊಡೆಮೂಳೆ, ರಿಕೆಟ್ಸ್‌ನಿಂದ ಬಾಗಿದ ಒಂದು ಕಾಲುಮೂಳೆ (ರಿಕೆಟ್ಸ್ ಅಂದ್ರೆ ವಿಟಮಿನ್ ಡಿ ಕೊರತೆಯಿಂದ ಮಕ್ಕಳ ಮೂಳೆ ಮೆತ್ತಗಾಗುವ ಕಾಯಿಲೆ), ಕಣ್ಣುಗೂಡಿನ ತುಂಡು, ಎಕ್ಸ್‌ರೇ ಹಾಳೆ, ಒಂದು ಕೈಪಿಡಿ.

ಮೊದಲು ದವಡೆಯ ಬಗ್ಗೆ ಹೇಳಲೇಬೇಕು, ತುಂಬಾ ಚೆನ್ನಾಗಿದೆ. ಒಂದು ಪಕ್ಕ ಮೂಳೆ ಕತ್ತರಿಸಿ ತೆರೆದಿದ್ದಾರೆ. ಹಾಲುಹಲ್ಲಿನ ಕೆಳಗೆ ಇನ್ನೂ ಅರ್ಧ ಬೆಳೆದ ಶಾಶ್ವತ ಹಲ್ಲುಗಳು ಕಾಣುತ್ತವೆ. ಮಗುವಿನ ವಯಸ್ಸನ್ನು ಅಂದಾಜು ಮಾಡುವುದು ಇದರಿಂದಲೇ, ಯಾಕಂದ್ರೆ ಊಟ ಸಾಲದಿದ್ದರೆ ಮೂಳೆಯ ಬೆಳವಣಿಗೆ ಬೇಗ ಕುಂಠಿತವಾಗುತ್ತದೆ, ಹಲ್ಲಿನ ಬೆಳವಣಿಗೆ ಅಷ್ಟಾಗಿ ಏರುಪೇರಾಗುವುದಿಲ್ಲ. ಹಲ್ಲಿನಿಂದ ವಯಸ್ಸು, ತೊಡೆಮೂಳೆಯ ಉದ್ದದಿಂದ ಬೆಳವಣಿಗೆ, ಇವೆರಡನ್ನೂ ಪಕ್ಕಪಕ್ಕ ಇಟ್ಟಾಗ ಕಾಣುವ ಅಂತರವೇ ಆ ಮಗುವಿನ ಆರೋಗ್ಯದ ಕಥೆ. ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ವಾರಮ್ ಪರ್ಸಿ ಅನ್ನುವ ಮಧ್ಯಯುಗದ ಹಳ್ಳಿ ಇತ್ತು. ಅಲ್ಲಿನ 14 ವರ್ಷದ ಮಕ್ಕಳು ಸುಮಾರಾಗಿ ಇಂದಿನ 10 ವರ್ಷದವರಷ್ಟೇ ಎತ್ತರ ಇದ್ದರು ಅಂತ ಗೊತ್ತಾಗಿದ್ದು ಇದೇ ಲೆಕ್ಕದಿಂದ.

ಕೋರೆಹಲ್ಲಿನ ಮೇಲೆ ಉಗುರು ಎಳೆದರೆ ಅಡ್ಡಗೆರೆ ತಾಗುತ್ತದೆ. ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಬೆಳೆಯುವಾಗ ಕಾಯಿಲೆಯೋ ಹಸಿವೋ ಬಂದು ಕೆಲಸ ತಡೆದ ಗುರುತು ಅದು. ಎನಾಮಲ್ ಒಮ್ಮೆ ಗಟ್ಟಿಯಾದ ಮೇಲೆ ದೇಹ ಅದನ್ನು ಮತ್ತೆ ಕಟ್ಟುವುದಿಲ್ಲ, ಹಾಗಾಗಿ ಗೆರೆ ಉಳಿದೇ ಉಳಿಯುತ್ತದೆ. ಇಷ್ಟು ಸಣ್ಣ ವಿವರವನ್ನೂ ಅಚ್ಚಿನಲ್ಲಿ ಹಿಡಿದವರಿಗೆ ದೊಡ್ಡ ಮೆಚ್ಚುಗೆ.

ತೊಡೆಮೂಳೆಯೂ ಪರವಾಗಿಲ್ಲ. ಮಕ್ಕಳಲ್ಲಿ ಮೂಳೆಯ ತುದಿಗಳು ಇನ್ನೂ ಕೂಡಿರುವುದಿಲ್ಲ, ಅದಕ್ಕೇ ನಡುವಿನ ಭಾಗವನ್ನಷ್ಟೇ ಅಳೆಯಬೇಕು. ಎಲ್ಲಿಂದ ಎಲ್ಲಿಗೆ ಅಂತ ಗುರುತು ಹಾಕಿದ್ದಾರೆ.

ಬೇಸರ ಆಗಿದ್ದು ಕೈಪಿಡಿ ನೋಡಿ. ಕಣ್ಣುಗೂಡಿನ ಚಾವಣಿಯ ಸಣ್ಣ ತೂತುಗಳಿಗೆ ಕಬ್ಬಿಣಾಂಶದ ಕೊರತೆಯೇ ಕಾರಣ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ಈ ವಾದವನ್ನು 2009ರಲ್ಲೇ ಬಲವಾಗಿ ಪ್ರಶ್ನಿಸಲಾಗಿದೆ. ಬೇರೆ ಬಗೆಯ ರಕ್ತಹೀನತೆ, ಸ್ಕರ್ವಿ (ವಿಟಮಿನ್ ಸಿ ಕೊರತೆಯ ಕಾಯಿಲೆ), ಸೋಂಕು ಕೂಡ ಕಾರಣ ಇರಬಹುದು. ಎಕ್ಸ್‌ರೇಯಲ್ಲಿ ಕಾಣುವ ಹ್ಯಾರಿಸ್ ಗೆರೆಗಳನ್ನೂ (ಮೂಳೆಯ ಬೆಳವಣಿಗೆ ತಡೆದು ಮತ್ತೆ ಶುರುವಾದಾಗ ಮೂಡುವ ಅಡ್ಡಗೆರೆಗಳು) ಹಾಗೇ, ಪ್ರತಿ ಗೆರೆಗೂ ಒಂದು ಬರಗಾಲ ಅನ್ನೋ ತರಹ ಬರೆದಿದ್ದಾರೆ. ಆರೋಗ್ಯವಾಗಿರುವ ಮಕ್ಕಳಲ್ಲೂ ಆ ಗೆರೆಗಳು ಬರುತ್ತವೆ, ಮುಂದೆ ಅಳಿಸಿಯೂ ಹೋಗುತ್ತವೆ.

ಇದಕ್ಕಿಂತ ದೊಡ್ಡ ಕೊರತೆ, 1992ರಲ್ಲಿ ಎದ್ದ 'ಆಸ್ಟಿಯಾಲಾಜಿಕಲ್ ಪ್ಯಾರಡಾಕ್ಸ್', ಅಂದ್ರೆ ಮೂಳೆ ಓದುವಾಗ ಎದುರಾಗುವ ವಿರೋಧಾಭಾಸ, ಅದರ ಚರ್ಚೆಯ ಸುಳಿವೇ ಇಲ್ಲ. ಮೂಳೆಯಲ್ಲಿ ಗುರುತು ಮೂಡಲು ಸಮಯ ಬೇಕು. ಕಾಯಿಲೆ ಬಂದು ಬೇಗ ತೀರಿಕೊಂಡ ಮಗುವಿನ ಮೂಳೆ ಏನೂ ಆಗದ ಹಾಗೆ ಕಾಣಬಹುದು, ಗೆರೆ ಇರುವ ಹಲ್ಲಿನ ಮಗು ಆ ಕಷ್ಟ ದಾಟಿ ಬದುಕಿತ್ತು ಅಂತ ಅರ್ಥ. ಅದೂ ಅಲ್ಲದೆ ನಮ್ಮ ಕೈಗೆ ಸಿಗುವುದು ಬೆಳೆದು ದೊಡ್ಡವರಾದ ಮಕ್ಕಳ ಮೂಳೆಯಲ್ಲ, ಚಿಕ್ಕ ವಯಸ್ಸಿಗೇ ಹೋದವರದು. ಇದನ್ನು ಹೇಳದೆ ಸೆಟ್ ಕೈಗೆ ಕೊಟ್ಟರೆ ಕಲಿಯುವವರು ತಲೆಕೆಳಗಾಗಿ ಓದುತ್ತಾರೆ, ಅಲ್ವಾ?

ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್ ಚರ್ಚಿನ ಬಗ್ಗೆ ಬರೆದ ಪುಟ ಮಾತ್ರ ಚೆನ್ನಾಗಿದೆ. ಅಲ್ಲಿನ ಅನೇಕ ಶವಪೆಟ್ಟಿಗೆಗಳ ಫಲಕದಲ್ಲಿ ಹೆಸರು, ವಯಸ್ಸು ಇದ್ದದ್ದರಿಂದ ಹಲ್ಲಿನ ಅಂದಾಜು ಎಷ್ಟು ಸರಿ ಅಂತ ಪರೀಕ್ಷಿಸಲು ಆಯಿತು.

ಇನ್ನೊಂದು ಮಾತು. ಪೆಟ್ಟಿಗೆಯ ಮೇಲೆ ಬರೀ ನಂಬರ್ ಇದೆ. ಈ ಮಗು ಯಾವ ಊರಿನದು, ಯಾವ ಕಾಲದ್ದು ಅಂತ ಒಂದು ಚೀಟಿಯಾದರೂ ಹಾಕಬೇಕಿತ್ತು. ಆ ಮಗುವಿಗೆ ಕೊಡುವ ಗೌರವ ಅದು, ಅದಿಲ್ಲದೆ ಬೇರೆ ಕಡೆಯ ಮಕ್ಕಳ ಜೊತೆ ಹೋಲಿಸುವುದೂ ಆಗುವುದಿಲ್ಲ.

ಪಾಠ ಮಾಡುವವರು ಕೈಪಿಡಿ ಪಕ್ಕಕ್ಕಿಟ್ಟು ಧೈರ್ಯವಾಗಿ ತಗೊಳ್ಳಿ. ಒಬ್ಬರೇ ಕಲಿಯುವವರಿಗೆ ಪೂರ್ತಿ ಸೆಟ್ ಬೇಡ. ದವಡೆ ಬಿಡಿಯಾಗಿಯೂ ಸಿಗುತ್ತದೆ, ಅದೊಂದು ಸಾಕು.