ಗಾಂಧಿ ಬಜಾರಿನ ರದ್ದಿ ಅಂಗಡಿ, ಅಟ್ಟದ ಮೇಲೆ ಅಣ್ಣಾವ್ರು

ರದ್ದಿ ಅಂಗಡಿಯ ಅಟ್ಟದಲ್ಲಿ ಹಳೇ ಸಿನಿಮಾ ಸಾಮಾನು ಮಾರುವವರೊಬ್ಬರ ವಿಷಯ ಇದು. ಮೊದಲು ರೇಟು ಹೇಳಿಬಿಡುತ್ತೇನೆ, ಎಲ್ಲರೂ ಕೇಳುವುದೇ ಅದನ್ನು. ಹಳೇ ಸಿನಿಮಾ ಹಾಡಿನ ಪುಸ್ತಕ 80ರಿಂದ 150 ರೂಪಾಯಿ. ಟಾಕೀಸಿನ ಗಾಜಿನ ಪೆಟ್ಟಿಗೆಯಲ್ಲಿ ಪಿನ್ ಹೊಡೆದು ಹಾಕುತ್ತಿದ್ದ ಕಪ್ಪು ಬಿಳುಪು ಸ್ಟಿಲ್, ಅಂದರೆ ಸಿನಿಮಾ ದೃಶ್ಯದ ಫೋಟೋ, ಒಂದಕ್ಕೆ 200. ಏಳಿಂಚಿನ ಹಾಡಿನ ಪ್ಲೇಟಿಗೆ (ಗ್ರಾಮಫೋನ್ ರೆಕಾರ್ಡಿಗೆ) ಕವರ್ ಇದ್ದರೆ 300, ಇಲ್ಲದಿದ್ದರೆ ಚೌಕಾಸಿ ಮಾಡಿದಷ್ಟು. ಪೋಸ್ಟರ್ ಮಾತ್ರ ಯಜಮಾನರ ಮೂಡಿನ ಮೇಲೆ. ಒಂದು ಸಲ 1,200 ಹೇಳಿದ್ದನ್ನೇ ಮುಂದಿನ ತಿಂಗಳು 700ಕ್ಕೆ ಕೊಟ್ಟರು. ಅವತ್ತು ಮಳೆ ಹಿಡಿದಿತ್ತು, ಬೆಳಗಿನಿಂದ ಅಂಗಡಿಗೆ ಬೇರೆ ಯಾರೂ ಬಂದಿರಲಿಲ್ಲ.

ಅಂಗಡಿಗೆ ಬೋರ್ಡಿಲ್ಲ. ಶಿವಮೊಗ್ಗದ ಗಾಂಧಿ ಬಜಾರಿನ ಅಡ್ಡರಸ್ತೆಯೊಂದರಲ್ಲಿದೆ, ಹೊರಗಿನಿಂದ ನೋಡಿದರೆ ಅಪ್ಪಟ ರದ್ದಿ ಅಂಗಡಿ. ಮುಂದೆ ತಕ್ಕಡಿ, ಪಕ್ಕದಲ್ಲಿ ಬಿಯರ್ ಬಾಟಲಿ ಚೀಲ, ಮೂಟೆ ಕಟ್ಟಿದ ನೋಟ್ ಪುಸ್ತಕ. ನಾನು ಎಷ್ಟೋ ವರ್ಷ ಅದರ ಮುಂದೆಯೇ ಓಡಾಡಿದ್ದೆ, ಒಳಗೆ ಇಂಥದ್ದೊಂದು ಇದೆ ಅಂತ ಗೊತ್ತೇ ಇರಲಿಲ್ಲ. ಮನೆಯ ಹಳೇ ಪೇಪರ್ ಹಾಕೋಕೆ ಹೋದ ದಿನ ತಕ್ಕಡಿಯ ಹಿಂದೆ ಗೋಡೆಗೆ ಒರಗಿಸಿಟ್ಟ ಕಲ್ಪನಾ ಕಾಣಿಸಿದರು. ಶರಪಂಜರದ ಸ್ಟಿಲ್. ಅದನ್ನು ನೋಡುತ್ತಾ ನಿಂತಿದ್ದಕ್ಕೆ ಯಜಮಾನರು, 'ಎಂತ, ಸಿನಿಮಾದ್ದು ಬೇಕಿತ್ತಾ? ಮೇಲೆ ಹೋಗಿ ನೋಡಿ, ಮೆಟ್ಟಿಲು ಹುಷಾರು' ಅಂದರು. ಪೇಪರ್ ಮಾರಿ 140 ರೂಪಾಯಿ ತರಬೇಕಾದವನು 500 ಕೊಟ್ಟು ಬಂದೆ. ಮನೆಯಲ್ಲಿ ಏನಾಯಿತು ಅಂತ ಇಲ್ಲಿ ಬೇಡ.

ಅಟ್ಟದಲ್ಲಿ ಆರು ಟ್ರಂಕು, ಎರಡು ಮರದ ಪೆಟ್ಟಿಗೆ, ಹಗ್ಗ ಕಟ್ಟಿದ ಪತ್ರಿಕೆಯ ಕಟ್ಟುಗಳು. ರೂಪತಾರಾ ಇದೆ, ಮದ್ರಾಸಿನಿಂದ ಬರುತ್ತಿದ್ದ ವಿಜಯಚಿತ್ರ ಇದೆ, ನಡುವೆ ಸುಮ್ನೆ ಪಂಚಾಂಗಗಳೂ ಇವೆ. ಯಾವುದಕ್ಕೂ ಕ್ರಮ ಇಲ್ಲ. ಮಾಲು ಎಲ್ಲಿಂದ ಬರುತ್ತದೆ ಅಂತ ಕೇಳಿದ್ದೆ. ತೀರ್ಥಹಳ್ಳಿ, ಸಾಗರದ ಕಡೆ ಹಳೇ ಮನೆ ಬಿಚ್ಚುವಾಗ ಕರೆಯುತ್ತಾರಂತೆ. ಮರಮುಟ್ಟು ಒಬ್ಬರು ತಗೊಳ್ಳುತ್ತಾರೆ, ತಾಮ್ರ ಹಿತ್ತಾಳೆ ಇನ್ನೊಬ್ಬರು, ಅಟ್ಟದ ಕಾಗದ ಇವರಿಗೆ. ಹಾಗಾಗಿ ಇಲ್ಲಿನ ಹಾಡಿನ ಪುಸ್ತಕಗಳಿಗೆ ಒಂದು ವಾಸನೆ ಇದೆ. ಒಲೆಯ ಮೇಲಿನ ಅಟ್ಟದಲ್ಲಿ ಅಡಿಕೆ ಜೊತೆ ಹೊಗೆ ಕುಡಿದು ಕೂತ ವಾಸನೆ. ಆ ಹೊಗೆಯೇ ಅವುಗಳನ್ನು ಉಳಿಸಿದೆ. ನಮ್ಮ ಕಡೆ ಗೋಡೆ ಬೀರುವಿನಲ್ಲಿ ಇಟ್ಟ ಕಾಗದ ಒಂದೇ ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತದೆ, ಅಟ್ಟದ್ದು ಇಲ್ಲಣ (ಹೊಗೆಯ ಮಸಿ) ಹಿಡಿದು ಕಪ್ಪಾದರೂ ಗಟ್ಟಿಯಾಗಿ ಉಳಿಯುತ್ತದೆ.

ನನ್ನ ಮೆಚ್ಚಿನದು ಅಲ್ಲಿ ಸಿಕ್ಕಿದ ಬಂಗಾರದ ಮನುಷ್ಯ ಹಾಡಿನ ಪುಸ್ತಕ. 1972ರ ಸಿನಿಮಾ, ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿದ್ದು ಗೊತ್ತಲ್ವಾ. ಪುಸ್ತಕ ಅಂಗೈಗಿಂತ ಸ್ವಲ್ಪ ದೊಡ್ಡದು, ನ್ಯೂಸ್ ಪ್ರಿಂಟ್ ಕಾಗದ, ನಡುವೆ ಎರಡು ಪಿನ್ನು. ಪಿನ್ನು ತುಕ್ಕು ಹಿಡಿದು ಉದುರಿಹೋಗಿ ಎರಡು ಕಂದು ತೂತು ಉಳಿದಿವೆ. ಒಳಗೆ ಕಥೆಯನ್ನು ಮುಕ್ಕಾಲು ಹೇಳಿ, ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ ಅಂತ ನಿಲ್ಲಿಸುತ್ತಾರೆ. ಯಾರೋ ಎರಡು ಹಾಡಿಗೆ ಪೆನ್ಸಿಲ್ಲಿನಲ್ಲಿ ಟಿಕ್ ಹಾಕಿದ್ದಾರೆ, ಒಂದು ಹಾಡಿನ ಸಾಲು ತಪ್ಪಾಗಿ ಅಚ್ಚಾಗಿದ್ದನ್ನು ತಿದ್ದಿದ್ದಾರೆ ಕೂಡ. ಹಿಂದಿನ ರಟ್ಟಿನ ಮೇಲೆ ಅದೇ ಪೆನ್ಸಿಲ್ಲು: 'ಅಡಿಕೆ ಸುಲಿಯೋರು 4 ಜನ, ಸೀಮೆಎಣ್ಣೆ 2 ಬಾಟ್ಲಿ, ಬಸ್ಸು.' ಬಸ್ಸಿನ ಮುಂದೆ ಎಷ್ಟು ಅಂತ ಬರೆದಿಲ್ಲ. ಟಾಕೀಸಿಗೆ ಹೋಗಿ ಬಂದ ಬಸ್ಸಿನ ಖರ್ಚು ಮನೆಯ ಲೆಕ್ಕದಲ್ಲಿ ಎಲ್ಲಿ ಬರೆಯೋದು ಅಂತ ಯೋಚನೆ ಮಾಡಿರಬೇಕು. ಇದಕ್ಕೆ 100 ರೂಪಾಯಿ ಕೊಟ್ಟೆ. ಗೀಚಿದ್ದಾರೆ ಅಂತ ಯಜಮಾನರೇ 20 ಕಡಿಮೆ ಮಾಡಿದ್ದು. ಗೀಚದೇ ಇದ್ದಿದ್ದರೆ ನಾನು ತಗೊಳ್ಳುತ್ತಿರಲಿಲ್ಲವೇನೋ.

ಈಗ ಜಗಳದ ವಿಷಯ.

ಎರಡನೇ ಸಲ ಹೋದಾಗ ಒಂದು ಫೋಟೋ ತೋರಿಸಿದರು. ಪೋಸ್ಟ್ ಕಾರ್ಡ್ ಗಾತ್ರ, ರಾಜ್‌ಕುಮಾರ್ ಬಿಳಿ ಶರ್ಟು ಪಂಚೆ, ಕೆಳಗೆ ಸಹಿ. 'ಸಹಿ ಇರೋದು' ಅಂದರು, ಅಷ್ಟೇ. 600 ರೂಪಾಯಿ. ನನ್ನ ಕೈ ನಡುಗಿತು, ಕೊಟ್ಟೆ, ಓಡಿಬಂದೆ. ರಾತ್ರಿ ಭೂತಗನ್ನಡಿ ಇಟ್ಟು ನೋಡಿದರೆ ಸಹಿಯ ಗೆರೆ ಪೂರ್ತಿ ಚುಕ್ಕಿ ಚುಕ್ಕಿ. ಶರ್ಟಿನಲ್ಲೂ ಅದೇ ಚುಕ್ಕಿ, ಮುಖದಲ್ಲೂ ಅದೇ. ಅಂದರೆ ಸಹಿ ಫೋಟೋ ಜೊತೆಯೇ ಅಚ್ಚಾಗಿದೆ. ನಕಲಿ ಅಂತಲ್ಲ. ನಟರಿಗೆ ಪತ್ರ ಬರೆದವರಿಗೆಲ್ಲ ಇಂಥ ಅಚ್ಚಿನ ಸಹಿಯ ಫೋಟೋ ಕಳಿಸುವ ರೂಢಿ ಆಗ ಇತ್ತು, ಅದಕ್ಕೂ ಬೆಲೆ ಇದೆ. ಆದರೆ 600 ಅಲ್ಲ.

ಮರುದಿನ ವಾಪಸ್ ಹೋದೆ. ಯಜಮಾನರು ಒಂದು ಚೂರೂ ಗಾಬರಿಯಾಗಲಿಲ್ಲ. 'ಸಹಿ ಇದೆ ಅಂದೆ, ಇಲ್ವಾ? ಕೈಯಲ್ಲಿ ಹಾಕಿದ್ದಾ ಅಂತ ನೀವು ಕೇಳ್ಲೇ ಇಲ್ಲ ಮಾರಾಯ್ರೆ' ಅಂದರು. ಸಿಟ್ಟು ಬಂತು, ನಗುವೂ ಬಂತು. ದುಡ್ಡು ವಾಪಸ್ ಕೊಡಲಿಲ್ಲ. ಬದಲಿಗೆ 450 ರೂಪಾಯಿ ಮಾಲು ಆರಿಸಿಕೊಳ್ಳಿ ಅಂದರು, ಫೋಟೋನೂ ಇಟ್ಟುಕೊಳ್ಳಿ ಅಂದರು. ಕಲ್ಪನಾ ಸ್ಟಿಲ್ ಎರಡು ತಗೊಂಡೆ. ಲೆಕ್ಕ ಹಾಕಿದರೆ ನನಗೆ ನಷ್ಟ ಆಗಿಲ್ಲ, ಆದರೂ ಮೊದಲೇ ಹೇಳಬಹುದಿತ್ತು ತಾನೇ.

ಆಮೇಲೆ ಗೊತ್ತಾಯಿತು, ಇದು ಅವರ ಪದ್ಧತಿ. ಸುಳ್ಳು ಹೇಳುವುದಿಲ್ಲ. ಕೇಳದೆ ಇದ್ದರೆ ನಿಜವನ್ನೂ ಹೇಳುವುದಿಲ್ಲ. ಪೋಸ್ಟರಿನ ಕಟ್ಟಿನಲ್ಲಿ ಹಳೆಯದೂ ಇದೆ, ಈಗ ಡಿಜಿಟಲ್ ಪ್ರಿಂಟ್ ಹಾಕಿಸಿದ್ದೂ ಇದೆ, ಎರಡೂ ಒಟ್ಟಿಗೆ. ನಾಗರಹಾವು, ಶಂಕರ್‌ನಾಗ್ ಪೋಸ್ಟರುಗಳ ಹೊಸ ಪ್ರಿಂಟನ್ನು ಹೋಟೆಲ್ಲಿನವರು ಗೋಡೆಗೆ ಹಾಕೋಕೆ ಜಾಸ್ತಿ ಒಯ್ಯುತ್ತಾರಂತೆ. 'ಇದು ಹೊಸದಾ?' ಅಂತ ಬಾಯಿಬಿಟ್ಟು ಕೇಳಿದರೆ 'ಹೌದು, ಇದು ಹೊಸದು, ಇದು ಹಳೆದು, ಇದು ನಂಗೂ ಡೌಟು' ಅಂತ ಮೂರು ರಾಶಿ ಮಾಡಿ ಕೊಡುತ್ತಾರೆ. ಆ ಮೂರನೇ ರಾಶಿ ಇಟ್ಟ ಮೇಲೆ ನನಗೆ ಅವರ ಮೇಲೆ ಗೌರವ ಬಂತು.

ಡೌಟಿನ ರಾಶಿಯನ್ನು ನಾವೇ ಬಿಡಿಸಬೇಕು. ಕಷ್ಟ ಏನಿಲ್ಲ. ರಾಜ್‌ಕುಮಾರ್ ಅವರಿಗೆ ಮೈಸೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟದ್ದು 1976ರಲ್ಲಿ. ಹಾಗಾಗಿ 1971ರ ಕಸ್ತೂರಿ ನಿವಾಸದ ಪೋಸ್ಟರ್ ಮೇಲೆ 'ಡಾ. ರಾಜ್‌ಕುಮಾರ್' ಅಂತಿದ್ದರೆ ಅದು ಮೊದಲ ಬಿಡುಗಡೆಯದ್ದಲ್ಲ. ಮರುಬಿಡುಗಡೆಯದ್ದಿರಬಹುದು, ಅದೂ ಹಳೆಯದೇ, ಅದನ್ನು ಕಡೆಗಣಿಸಬೇಡಿ, ಆದರೆ ಮೊದಲ ಬಿಡುಗಡೆಯ ರೇಟು ಕೊಡಬೇಡಿ. ಇನ್ನೊಂದು, ಕೆಳಗಿನ ವಿಳಾಸ ನೋಡಿ. ಆರು ಅಂಕಿಯ ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. ಅದಕ್ಕೂ ಮುಂಚಿನದಾದರೆ 'ಮದ್ರಾಸ್-26' ಅಂತ ಚುಟುಕಾಗಿ ಇರುತ್ತದೆ, ಅದು ವಡಪಳನಿ, ಸಿನಿಮಾ ಸ್ಟುಡಿಯೋಗಳ ಜಾಗ. 'ಮೈಸೂರು ರಾಜ್ಯ' ಅಂತಿದ್ದರೆ 1973ರ ನವೆಂಬರ್ 1ಕ್ಕೂ ಮುಂಚಿನ ಅಚ್ಚು ಅಂದುಕೊಳ್ಳಬಹುದು, ಅವತ್ತೇ ಕರ್ನಾಟಕ ಅಂತ ಹೆಸರಾದದ್ದು. ಕಪ್ಪು ಬಿಳುಪು ಫೋಟೋ ಆದರೆ ಬೆಳಕಿಗೆ ಓರೆಯಾಗಿ ಹಿಡಿಯಿರಿ, ಹಳೆಯದರಲ್ಲಿ ಕಪ್ಪು ಭಾಗದ ಅಂಚಿಗೆ ಎಷ್ಟೋ ಸಲ ಬೆಳ್ಳಿಯ ಹೊಳಪು ಬಂದಿರುತ್ತದೆ. ಫೋಟೋದೊಳಗಿನ ಬೆಳ್ಳಿಯೇ ಮೇಲೆ ಬಂದು ಕೂರುವುದು ಅದು. ಪ್ರಿಂಟರಿನಲ್ಲಿ ತೆಗೆದದ್ದಕ್ಕೆ ಆ ಭಾಗ್ಯ ಇಲ್ಲ. ಪೆನ್ನಿನ ಸಹಿಯಾದರೆ ಗೆರೆ ತುಂಡಾಗದೆ ಹರಿದಿರುತ್ತದೆ, ಓರೆ ಬೆಳಕಿಗೆ ಎಷ್ಟೋ ಸಲ ಪೆನ್ನು ಒತ್ತಿದ ಗೀರು ಕಾಣುತ್ತದೆ. ಭೂತಗನ್ನಡಿ ಜೇಬಿನಲ್ಲಿ ಇರಲಿ, ಅಂಗಡಿಯಲ್ಲಿ ಬಲ್ಬು ಒಂದೇ ಒಂದು.

ಬೆಲೆ ಕಟ್ಟುವುದರಲ್ಲಿ ನನಗೂ ಅವರಿಗೂ ಹೊಂದುವುದಿಲ್ಲ. ನಾಯಕ ನಾಯಕಿಗೆ 200, ಉಳಿದವರಿಗೆ 50, ಅದು ಅವರ ಲೆಕ್ಕ. 1954ರ ಬೇಡರ ಕಣ್ಣಪ್ಪದಿಂದಲೇ ರಾಜ್‌ಕುಮಾರ್ ಅವರೂ ಬೆಳಕಿಗೆ ಬಂದದ್ದು, ಹಾಸ್ಯನಟ ನರಸಿಂಹರಾಜು ಅವರೂ ಬಂದದ್ದು. ಒಬ್ಬರ ಫೋಟೋ 200, ಇನ್ನೊಬ್ಬರದು 50. ನಾನು ದೂರು ಹೇಳುತ್ತಿಲ್ಲ, ನನಗೆ ಲಾಭವೇ. ನರಸಿಂಹರಾಜು, ಬಾಲಕೃಷ್ಣ, ರಮಾದೇವಿ, ಸಿಕ್ಕಷ್ಟೂ ಎತ್ತಿಕೊಂಡು ಬಂದಿದ್ದೇನೆ. ಬಾಲಣ್ಣನ ಒಂದು ಸ್ಟಿಲ್ ಇದೆ, ಕ್ಯಾಮೆರಾ ಬೇರೆ ಯಾರನ್ನೋ ಹಿಡಿಯುತ್ತಿದೆ, ಇವರು ಮೂಲೆಯಲ್ಲಿ ನಿಂತಿದ್ದಾರೆ, ಆದರೂ ನೋಡುವವರ ಕಣ್ಣು ಹೋಗುವುದು ಅವರ ಮುಖಕ್ಕೇ. 50 ರೂಪಾಯಿ!

ಟಿವಿ ಕಲಾವಿದರ ಸಾಮಾನು ಬೇಕು ಅಂದರೆ ಇಲ್ಲಿ ನಿರಾಸೆ ಆಗುತ್ತದೆ. ಟಿವಿಗೆ ಹಾಡಿನ ಪುಸ್ತಕ ಎಲ್ಲಿ, ಗಾಜಿನ ಪೆಟ್ಟಿಗೆ ಎಲ್ಲಿ. ಒಂದು ಕವರಿನಲ್ಲಿ 'ಮಾಲ್ಗುಡಿ ಡೇಸ್ ಶೂಟಿಂಗ್, ಆಗುಂಬೆ' ಅಂತ ಬರೆದ ಐದು ಫೋಟೋ ಇದ್ದವು, 2,000 ಹೇಳಿದರು. ಆ ಧಾರಾವಾಹಿಯನ್ನು ಶಂಕರ್‌ನಾಗ್ ಆಗುಂಬೆಯಲ್ಲಿ ತೆಗೆದದ್ದು ನಿಜ, ಶೂಟಿಂಗ್ ನಡೆದ ದೊಡ್ಡಮನೆಯ ಜಗುಲಿ ಈಗಲೂ ಇದೆ. ಆದರೆ ಈ ಐದರಲ್ಲಿ ಇದ್ದದ್ದು ಛತ್ರಿ ಹಿಡಿದ ಜನರ ಬೆನ್ನು ಮಾತ್ರ. ಮಳೆಗಾಲದ ಆಗುಂಬೆಯಲ್ಲಿ ಯಾವ ದಿನ ತೆಗೆದರೂ ಫೋಟೋ ಹಾಗೇ ಬರುತ್ತದೆ. 'ಇದು ಶೂಟಿಂಗಿದ್ದೇ ಅಂತ ಹೇಗೆ ಗೊತ್ತು?' ಅಂದೆ. 'ಕವರ್ ಮೇಲೆ ಬರೆದಿದೆಯಲ್ಲ' ಅಂದರು. ಕೇಳಿದ್ದಕ್ಕೆ ನಿಜ ಬಂತು, ಬಿಟ್ಟುಬಂದೆ. ಮಾಲ್ಗುಡಿ ಹುಚ್ಚಿರುವವರು ಆ ದುಡ್ಡಿಗೆ ತಾಳಗುಪ್ಪ ರೈಲು ಹತ್ತಿ ಅರಸಾಳಿಗೆ ಹೋಗಿ ಬನ್ನಿ. ಧಾರಾವಾಹಿಯಲ್ಲಿ ಮಾಲ್ಗುಡಿ ಸ್ಟೇಷನ್ ಆಗಿದ್ದದ್ದು ಅದೇ ಸ್ಟೇಷನ್, ಆ ಹಳೇ ಕಟ್ಟಡವನ್ನು 2020ರಲ್ಲಿ ಮ್ಯೂಸಿಯಂ ಮಾಡಿದ್ದಾರೆ.

ಅಂಗಡಿಗೆ ಬರುವ ಗಿರಾಕಿಗಳದ್ದೂ ಒಂದು ಕಥೆ. ಅಣ್ಣಾವ್ರು ಹುಟ್ಟಿದ್ದು ನಮ್ಮ ಗಾಜನೂರಿನಲ್ಲೇ, ತುಂಗಾ ಡ್ಯಾಮಿನ ಹತ್ತಿರ, ಅಂತ ವಾದ ಮಾಡುವವರು ವಾರಕ್ಕೊಬ್ಬರಾದರೂ ಬರುತ್ತಾರಂತೆ. ಅಣ್ಣಾವ್ರ ಗಾಜನೂರು ಬೇರೆ, ಅದು ತಾಳವಾಡಿ ಹತ್ತಿರದ ದೊಡ್ಡ ಗಾಜನೂರು, ತಮಿಳುನಾಡಿಗೆ ಸೇರಿದ್ದು. ಯಜಮಾನರು ತಿದ್ದುವುದಿಲ್ಲ. 'ಅವರು ಕೇಳಿದ್ರೆ ಹೇಳ್ತೀನಿ' ಅನ್ನುತ್ತಾರೆ! ಅದೇ ಗಾಜನೂರಿನಿಂದ 2000ದ ಜುಲೈ 30ರ ರಾತ್ರಿ ಅಣ್ಣಾವ್ರನ್ನು ಕಾಡುಗಳ್ಳ ವೀರಪ್ಪನ್ ಎತ್ತಿಕೊಂಡು ಹೋದನಲ್ಲ, ಆ 108 ದಿನದ ಪತ್ರಿಕೆಗಳನ್ನು ಇವರು ಆಗ ಕೆಜಿ ಲೆಕ್ಕದಲ್ಲಿ ತಗೊಂಡು, ಮಾರದೆ ಬೇರೆ ಕಟ್ಟಿಟ್ಟಿದ್ದಾರೆ. ಕಟ್ಟು ಪೂರ್ತಿ ಬೇಕಾದರೆ ಮಾತ್ರ ಕೊಡುತ್ತಾರೆ, ಬಿಡಿ ಇಲ್ಲ. ನನಗೆ ಜಾಗ ಇಲ್ಲ, ಹಾಗಾಗಿ ರೇಟು ಕೇಳಿಲ್ಲ.

ಬೈಯಬೇಕಾದ್ದು ಇನ್ನೂ ಇದೆ. ರೇಟಿನ ಸ್ಟಿಕ್ಕರನ್ನು ಮುಂಭಾಗಕ್ಕೇ ಅಂಟಿಸುತ್ತಾರೆ, ಅದೂ ಮುಖದ ಹತ್ತಿರ. ಹರಿದದ್ದಕ್ಕೆ ಸೆಲ್ಲೋಟೇಪ್ ಹಾಕುತ್ತಾರೆ, ಎರಡು ವರ್ಷಕ್ಕೆ ಅದು ಹಳದಿಯಾಗಿ ಅಂಟು ಕಾಗದಕ್ಕೆ ಇಳಿಯುತ್ತದೆ. ಒಳ್ಳೆಯ ಸ್ಟಿಲ್‌ಗಳನ್ನು ಲ್ಯಾಮಿನೇಷನ್ ಮಾಡಿಸಿ, ಅದಕ್ಕೆ 100 ಜಾಸ್ತಿ ಹೇಳುತ್ತಾರೆ. ಲ್ಯಾಮಿನೇಷನ್ ಮಾಡಿದ್ದನ್ನು ತಗೊಳ್ಳಲೇಬೇಡಿ, ಬಿಸಿಗೆ ಅಂಟಿದ ಆ ಪ್ಲಾಸ್ಟಿಕ್ ಇನ್ನು ಬಿಡುವುದಿಲ್ಲ, ಒಳಗೆ ತೇವ ಸೇರಿಕೊಂಡರೆ ಅಲ್ಲೇ ಕೊಳೆಯುತ್ತದೆ. ಪೋಸ್ಟರನ್ನು ನಾಲ್ಕು ಮಡಿಕೆ ಮಡಚಿ ಪೇಪರ್ ಬ್ಯಾಗಿಗೆ ತುರುಕುತ್ತಾರೆ. ಸುತ್ತಿ ತರೋಕೆ ನಾನು ಈಗ ಒಂದು ತುಂಡು ಪಿವಿಸಿ ಪೈಪ್ ಒಯ್ಯುತ್ತೇನೆ, ಬಸ್ಸಿನಲ್ಲಿ ಕಂಡಕ್ಟರ್ ಪ್ಲಂಬರ್ ಅಂದುಕೊಂಡಿದ್ದಾನೆ. ಪ್ಲೇಟುಗಳನ್ನು ಒಂದರ ಮೇಲೊಂದು ಮಲಗಿಸಿದ್ದಾರೆ, ಕೆಳಗಿನವು ಬಾಗಿವೆ. ಕೊಳ್ಳುವ ಮುಂಚೆ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ. ಮೇಲಿನ ಬಿಳಿ ಬೂಷ್ಟಿಗೆ ಹೆದರಬೇಡಿ, ನಡುವಿನ ಲೇಬಲ್ ನೆನೆಯದ ಹಾಗೆ ತೊಳೆದರೆ ಹೋಗುತ್ತದೆ.

ಹನ್ನೊಂದಕ್ಕೆ ಮುಂಚೆ ಹೋಗಬೇಡಿ, ಒಂದೂವರೆಗೆ ಊಟಕ್ಕೆ ಶಟರ್ ಎಳೆಯುತ್ತಾರೆ. ಫೋನ್‌ಪೇ ಇದೆ, ಮಗಳ ನಂಬರಿಗೆ ಹೋಗುತ್ತದೆ, ಅವಳು ಫೋನ್ ಮಾಡಿ 'ಬಂತು ಅಪ್ಪ' ಅನ್ನುವ ತನಕ ಕಾಯಬೇಕು. ಆಷಾಢದಲ್ಲಿ ಅಟ್ಟದ ಹಂಚು ಸೋರುತ್ತದೆ, ಆಗ ಟ್ರಂಕುಗಳನ್ನು ತೆಗೆಯುವುದೇ ಇಲ್ಲ. ದೀಪಾವಳಿ ಕಳೆದ ಮೇಲೆ ಹೋದರೆ ಒಳ್ಳೆಯದು.

ಬಾಗಿಲ ಪಕ್ಕದ ಕೆಳಗಿನ ಟ್ರಂಕಿನಲ್ಲಿ ಗೆಜ್ಜೆಪೂಜೆಯ ಹಾಡಿನ ಪುಸ್ತಕ ಒಂದಿದೆ, ರಟ್ಟು ಸಮೇತ. ಅದು ನನ್ನದು, 50 ರೂಪಾಯಿ ಮುಂಗಡ ಕೊಟ್ಟಿದ್ದೇನೆ. ನೀವು ಕೇಳದಿದ್ದರೆ ಯಜಮಾನರು ಅದನ್ನೂ ಹೇಳುವುದಿಲ್ಲ, ಅದಕ್ಕೇ ನಾನೇ ಹೇಳುತ್ತಿದ್ದೇನೆ.