ಟ್ಯೂನಿಂಗ್ ಬಾಕ್ಸ್, ಬೈಕಿನ ಪಿಗ್ಗಿಬ್ಯಾಕ್, ರೀಮ್ಯಾಪ್: ಸರ್ವಿಸ್‌ಗೆ ಮುನ್ನ ತೆಗೆಯಲು ಯಾವುದು ಹಗುರ?

ಕಂಪನಿ ಸರ್ವಿಸ್‌ಗೆ ಗಾಡಿ ಬಿಡುವ ಮುನ್ನ, ಎಂಜಿನ್ ಚುರುಕಾಗಲೆಂದು ಹಾಕಿಸಿದ ಟ್ಯೂನಿಂಗ್ ಸಾಧನ ತೆಗೆಯಲು ಎರಡು ನ್ಯಾಯವಾದ ಕಾರಣಗಳಿವೆ. ಸ್ಕ್ಯಾನರ್ ಹಾಕಿದವರಿಗೆ ಸೆನ್ಸರಿನ ನಿಜವಾದ ಲೆಕ್ಕ ಸಿಗಬೇಕು, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಅಪ್‌ಡೇಟ್ ಆದರೆ ಟ್ಯೂನ್ ಅಳಿಸಿಹೋಗಿ ಪರದಾಡುವಂತಾಗಬಾರದು. ವಾರಂಟಿಗಾಗಿ ಬಚ್ಚಿಡುವುದು ಬೇರೆ ಮಾತು, ಅದು ನಡೆಯುವುದೂ ಕಷ್ಟ.

ಈ ಮೂರರಲ್ಲಿ ಬಿಚ್ಚಲು ಸುಲಭ ಡೀಸೆಲ್ ಕಾರಿನ ಟ್ಯೂನಿಂಗ್ ಬಾಕ್ಸ್. ಅದು ಕೂರುವುದು ರೈಲ್ ಪ್ರೆಶರ್ ಸೆನ್ಸರ್ (ಇಂಜೆಕ್ಟರುಗಳಿಗೆ ಹೋಗುವ ಡೀಸೆಲ್‌ನ ಒತ್ತಡ ಅಳೆಯುವುದು) ಮತ್ತು ಇಸಿಯು ನಡುವೆ. ಕೆಲವದಕ್ಕೆ ಟರ್ಬೊ ಗಾಳಿಯ ಒತ್ತಡ ಅಳೆಯುವ ಬೂಸ್ಟ್ ಸೆನ್ಸರಿಗೂ ಒಂದು ಕವಲು ಇರುತ್ತದೆ. ಇರುವುದಕ್ಕಿಂತ ಕಡಿಮೆ ಒತ್ತಡ ತೋರಿಸಿ ಇಸಿಯುವನ್ನು ನಂಬಿಸುತ್ತದೆ, ಇಸಿಯು ಒತ್ತಡ ಏರಿಸುತ್ತದೆ. ಅಂದರೆ ಬಾಕ್ಸ್ ಇರುವಷ್ಟು ಹೊತ್ತು ಸ್ಕ್ಯಾನರಿನಲ್ಲಿ ಕಾಣುವ ರೈಲ್ ಪ್ರೆಶರ್ ಸುಳ್ಳು. ಇಂಜೆಕ್ಟರ್ ದೋಷ ಹುಡುಕುವ ಮೆಕ್ಯಾನಿಕ್ ದಿಕ್ಕು ತಪ್ಪುವುದು ಇಲ್ಲೇ.

ಎಂಜಿನ್ ಆರಿದ ಮೇಲೆ ಇಗ್ನಿಷನ್ ಆಫ್ ಮಾಡಿ, ಕಾರು ಲಾಕ್ ಮಾಡಿ, ಕೀಲಿ ದೂರವಿಟ್ಟು 15 ನಿಮಿಷ ಬಿಡಿ. ಕಪ್ಲರಿನ (ವೈರ್ ಜೋಡಿಸುವ ಪ್ಲಗ್ಗಿನ) ಲಾಕ್ ಒತ್ತಿ ಬಿಡಿಸಿ, ವೈರ್ ಹಿಡಿದು ಎಳೆಯಬೇಡಿ. ಸೆನ್ಸರಿಗೇ ಸ್ಪ್ಯಾನರ್ ಹಾಕಬೇಡಿ, ಕಪ್ಲರ್ ಬಿಟ್ಟರೆ ಅಲ್ಲಿ ಮುಟ್ಟುವಂಥದ್ದು ಏನೂ ಇಲ್ಲ. ಒರಿಜಿನಲ್ ಕಪ್ಲರ್ ಟಕ್ ಅನ್ನುವವರೆಗೆ ಕೂರಿಸಿ. ಅರ್ಧಂಬರ್ಧ ಕೂತರೆ ಪಿ0192 ಅಥವಾ ಪಿ0193 ಕೋಡ್ ಬಂದು ಗಾಡಿ ಪವರ್ ತಗ್ಗಿಸಿ ಓಡುವ ಲಿಂಪ್ ಮೋಡ್‌ಗೆ ಹೋಗಬಹುದು. ಬೈಪಾಸ್ ಪ್ಲಗ್ ಹಾಕಿ ಹಾರ್ನೆಸ್ (ಬಾಕ್ಸಿನ ವೈರ್ ಗೊಂಚಲು) ಅಲ್ಲೇ ಬಿಡುವುದು ಸೋಮಾರಿ ದಾರಿ: ಸಡಿಲವಾಗಬಲ್ಲ ಜೋಡಣೆಗಳು ಹಾಗೇ ಉಳಿಯುತ್ತವೆ. ಹಾರ್ನೆಸ್ ಸಮೇತ ತೆಗೆದರೂ ಅರ್ಧ ಗಂಟೆ ದಾಟದು.

ಆಕ್ಸಿಲರೇಟರ್ ಪೆಡಲಿಗೆ ಹಾಕುವ ಪೆಡಲ್ ಬಾಕ್ಸ್ ಇದ್ದರೆ ಅದು ಐದು ನಿಮಿಷದ ಕೆಲಸ. ಅದು ಪವರ್ ಏನೂ ಹೆಚ್ಚಿಸುವುದಿಲ್ಲ, ಪೆಡಲ್ ಸಿಗ್ನಲ್ ಚುರುಕು ಮಾಡುತ್ತದೆ ಅಷ್ಟೇ. ಆದರೆ ಇಗ್ನಿಷನ್ ಆನ್ ಇರುವಾಗ ಕಿತ್ತರೆ ಪಿ2138ನಂಥ ಕೋಡ್ ಖಂಡಿತ ಎಂದೇ ಇಟ್ಟುಕೊಳ್ಳಿ.

ಬೈಕಿಗೆ ಬಂದರೆ, ಪಿಗ್ಗಿಬ್ಯಾಕ್ ಅಂದರೆ ಇಸಿಯು ವೈರಿಂಗ್ ನಡುವೆ ಕೂರಿಸುವ ಪೆಟ್ಟಿಗೆ. ಬೆಂಗಳೂರಿನ ರೇಸ್ ಡೈನಮಿಕ್ಸ್‌ನವರ ಪವರ್‌ಟ್ರಾನಿಕ್, ಫ್ಯೂಯೆಲ್‌ಎಕ್ಸ್ ಥರದವು ಕಪ್ಲರಿಗೆ ಕಪ್ಲರ್ ಕೂರುವಂಥವು, ವೈರ್ ಕತ್ತರಿಸುವ ಮಾತಿಲ್ಲ. ಕಷ್ಟ ಇರುವುದು ಜಾಗದಲ್ಲಿ: ಸೀಟು, ಎಷ್ಟೋ ಬೈಕುಗಳಲ್ಲಿ ಟ್ಯಾಂಕು ಕೂಡ ಎತ್ತಬೇಕು. ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ, ಬಿಡಿಸುವ ಮುನ್ನ ಪ್ರತಿ ಕಪ್ಲರಿನ ಫೋಟೊ ತೆಗೆಯಿರಿ. ಜನ ಮರೆಯುವುದು ಆಕ್ಸಿಜನ್ ಸೆನ್ಸರ್. ಟ್ಯೂನ್ ಮಾಡುವಾಗ ಅದರ ಕಪ್ಲರ್ ಬಿಡಿಸಿದ್ದರೆ ವಾಪಸ್ ಜೋಡಿಸದೆ ಚೆಕ್ ಎಂಜಿನ್ ಲೈಟ್ ಆರುವುದಿಲ್ಲ.

ರೀಮ್ಯಾಪ್ ಅಂದರೆ ಇಸಿಯುವಿನ ಸಾಫ್ಟ್‌ವೇರನ್ನೇ ಬದಲಿಸುವುದು. ಅದರಲ್ಲಿ ಬಿಚ್ಚಲು ವಸ್ತುವೇ ಇಲ್ಲ, ಇಸಿಯುಗೆ ಸ್ಟಾಕ್ ಫೈಲ್ (ಕಂಪನಿಯ ಮೂಲ ಫೈಲ್) ಮತ್ತೆ ಬರೆಯಬೇಕು. ಓಡಿಸುವ ಸೊಗಸಿನಲ್ಲಿ ಇದೇ ಮೇಲು, ತೆಗೆಯುವುದರಲ್ಲಿ ಇದೇ ತಲೆನೋವು. ಬರೆಯುವಾಗ ವೋಲ್ಟೇಜ್ ಕುಸಿದರೆ ಇಸಿಯು ಅರ್ಧದಲ್ಲೇ ನಿಂತು ಗಾಡಿ ಸ್ಟಾರ್ಟೇ ಆಗದಿರಬಹುದು. ಹಾಗಾಗಿ ಬ್ಯಾಟರಿಗೆ ಸ್ಥಿರ ಚಾರ್ಜರ್ ಹಾಕಿ, ಎಸಿ, ಹೆಡ್‌ಲೈಟ್, ಮ್ಯೂಸಿಕ್ ಎಲ್ಲ ಆಫ್ ಮಾಡಿ. ಕೈಯಲ್ಲಿ ಹಿಡಿಯುವ ಫ್ಲ್ಯಾಶ್ ಸಾಧನಗಳು ಒಂದೇ ಗಾಡಿಗೆ ಲಾಕ್ ಆಗಿರುತ್ತವೆ. ಅಂಥದ್ದೇ ಒಂದಾದ ಕೋಬ್ ಆಕ್ಸೆಸ್‌ಪೋರ್ಟ್ ಆದರೆ ಸರ್ವಿಸ್‌ಗೆ ಮುನ್ನ ಅದರ ಮೆನುವಿನಲ್ಲೇ 'ಅನ್‌ಇನ್‌ಸ್ಟಾಲ್' ಮಾಡಬೇಕು. ಹಾಗೇ ಬಿಟ್ಟು ಡೀಲರ್ ಅಪ್‌ಡೇಟ್ ಹಾಕಿದರೆ ಟ್ಯೂನ್ ಹೋಗುತ್ತದೆ, ಸಾಧನ ಮಾತ್ರ ಇನ್ನೂ ಕಾರಿಗೆ ಅಂಟಿಕೊಂಡಿದೆ ಎಂದೇ ತಿಳಿದಿರುತ್ತದೆ.

ಸ್ಟಾಕ್ ಫೈಲ್ ಬರೆದರೂ ಗುರುತು ಉಳಿಯುತ್ತದೆ. ಕೆಲವು ಇಸಿಯುಗಳು ಎಷ್ಟು ಬಾರಿ ಫ್ಲ್ಯಾಶ್ ಆಯಿತು ಎಂದು ಎಣಿಸಿಡುತ್ತವೆ. ಕೋಡ್ ಅಳಿಸಿದ ಮೇಲೆ ಓಡಿದ ದೂರವೂ, ಪೂರ್ತಿಯಾಗದ ರೆಡಿನೆಸ್ ಪರೀಕ್ಷೆಗಳೂ (ಗಾಡಿ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವಂಥವು) ಸಾದಾ ಸ್ಕ್ಯಾನರಿನಲ್ಲೇ ಕಾಣುತ್ತವೆ. ಫೋಕ್ಸ್‌ವ್ಯಾಗನ್ ಗುಂಪಿನ ಕಾರುಗಳಲ್ಲಿ ಟ್ಯೂನ್ ಪತ್ತೆಯಾದರೆ ಕಂಪನಿಯ ದಾಖಲೆಯಲ್ಲಿ, ವಾರಂಟಿ ನಿರಾಕರಿಸಲು ಬಳಸುವ 'ಟಿಡಿ1' ಗುರುತು ಬೀಳುತ್ತದೆ. ಆಮೇಲೆ ಸ್ಟಾಕ್ ಬರೆದು ಪ್ರಯೋಜನವಿಲ್ಲ. ಇಸಿಯು ಮುಚ್ಚಳ ತೆರೆದು ಬೆಂಚಿನ ಮೇಲೆ ಮಾಡಿದ ರೀಮ್ಯಾಪ್ ಆದರೆ ಕಿತ್ತ ಅಂಟೇ ಸಾಕ್ಷಿ. ಟ್ಯೂನ್‌ನಿಂದ ಟರ್ಬೊ ಹೋಗಿದ್ದರೆ ಸರ್ವಿಸ್ ಅಡ್ವೈಸರಿಗೆ ಇದ್ದದ್ದು ಇದ್ದಹಾಗೆ ಹೇಳಿ ಬಿಲ್ ಕಟ್ಟುವುದೇ ಮರ್ಯಾದೆ.

ವಾರಂಟಿ ಇನ್ನೂ ಉಳಿದಿರುವ, ವರ್ಷಕ್ಕೊಮ್ಮೆ ಕಂಪನಿ ಸರ್ವಿಸ್‌ಗೇ ಹೋಗುವ ಗಾಡಿಗೆ ಬಾಕ್ಸ್ ಸಾಕು. ಹೊರಗಡೆ ಗ್ಯಾರೇಜಿನಲ್ಲಿ ಸರ್ವಿಸ್ ಆಗುವ ಹಳೆಯ ಗಾಡಿಗೆ ರೀಮ್ಯಾಪ್ ಸರಿ. ಸರ್ವಿಸ್‌ನಿಂದ ಬಂದ ಕೂಡಲೇ ಹಳೆಯ ಟ್ಯೂನ್ ಮತ್ತೆ ಹಾಕಲು ಹೋಗಬೇಡಿ. ಮೊದಲು ಇಸಿಯುವಿನ ಕ್ಯಾಲಿಬ್ರೇಷನ್ ಐಡಿ (ಒಳಗಿರುವ ಸಾಫ್ಟ್‌ವೇರಿನ ಗುರುತು) ಓದಿಸಿ. ಅದು ಬದಲಾಗಿದ್ದರೆ ಹಳೆಯ ಫೈಲ್ ಹೊಂದುವುದಿಲ್ಲ, ಹೊಸ ಐಡಿ ಕೊಟ್ಟು ಟ್ಯೂನರ್ ಹತ್ತಿರ ಬೇರೆ ಫೈಲ್ ಮಾಡಿಸಬೇಕು.