ಪೊರೆ ಆಪರೇಷನ್ನಿನ ಲೆನ್ಸುಗಳು: ಯಾವುದಕ್ಕೆ ದುಡ್ಡು ಕೊಡಬಹುದು, ಯಾವುದಕ್ಕೆ ಬೇಡ

ಕಣ್ಣಿನ ಪೊರೆ ತೆಗೆಸಲು ಹೆಸರು ಬರೆಸಿದ ಕೂಡಲೇ, ಪೊರೆಯ ಜಾಗದಲ್ಲಿ ಕಣ್ಣೊಳಗೆ ಕೂರಿಸುವ ಲೆನ್ಸುಗಳ ದರಪಟ್ಟಿ ಮುಂದೆ ಬರುತ್ತದೆ. ದುಬಾರಿಯದೇ ಒಳ್ಳೆಯದಿರಬೇಕು ಎಂದುಕೊಂಡು ಮನೆಯವರು ಒಪ್ಪಿಬಿಡುತ್ತಾರೆ. ಆದರೆ ಆಪರೇಷನ್ ಆದಮೇಲೆ ಎಷ್ಟು ಸ್ಪಷ್ಟವಾಗಿ ಕಾಣುತ್ತದೆ ಎಂಬುದನ್ನು ಮೊದಲು ತೀರ್ಮಾನಿಸುವುದು ಕಣ್ಣಿನ ಅಳತೆ, ಆಮೇಲೆ ರೆಟಿನಾದ, ಅಂದರೆ ಕಣ್ಣಿನ ಹಿಂಭಾಗದ ಪರದೆಯ, ಸ್ಥಿತಿ. ಲೆನ್ಸಿನ ಬೆಲೆ ಅದರ ನಂತರದ ಮಾತು.

ಹಾಗಾಗಿ ಅಳತೆಯಿಂದಲೇ ಶುರುಮಾಡೋಣ. ಕಣ್ಣುಗುಡ್ಡೆಯ ಉದ್ದವನ್ನು 1 ಮಿಲಿಮೀಟರ್ ತಪ್ಪಾಗಿ ಅಳೆದರೆ ಕನ್ನಡಕದ ನಂಬರಿನಲ್ಲಿ ಹೆಚ್ಚುಕಡಿಮೆ 2.5ರಿಂದ 3ರಷ್ಟು ತಪ್ಪುತ್ತದೆ. ಹಳೆಯ ಎ-ಸ್ಕ್ಯಾನ್‌ನಲ್ಲಿ ಪೆನ್ನಿನಂಥ ಕಡ್ಡಿಯನ್ನು ಕಾರ್ನಿಯಾಕ್ಕೆ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರಕ್ಕೆ, ತಾಗಿಸಿ ಅಲ್ಟ್ರಾಸೌಂಡಿನಿಂದ ಅಳೆಯುತ್ತಾರೆ. ಕೈ ಸ್ವಲ್ಪ ಒತ್ತಿದರೆ ಕಣ್ಣು ಇರುವುದಕ್ಕಿಂತ ಗಿಡ್ಡವಾಗಿ ದಾಖಲಾಗುತ್ತದೆ, ಹೆಚ್ಚು ಪವರಿನ ಲೆನ್ಸ್ ಕೂರುತ್ತದೆ, ರೋಗಿಗೆ ಮೈನಸ್ ನಂಬರ್ ಬರುತ್ತದೆ. ಬೆಳಕಿನಿಂದ ಅಳೆಯುವ ಆಪ್ಟಿಕಲ್ ಬಯೋಮೀಟರ್ ಕಣ್ಣನ್ನು ಮುಟ್ಟುವುದೇ ಇಲ್ಲ. ಅದು ಇರುವ ಆಸ್ಪತ್ರೆಯನ್ನೇ ಆರಿಸಿಕೊಳ್ಳಿ. ಪೊರೆ ತೀರಾ ಬಲಿತಿದ್ದರೆ ಮಾತ್ರ ಆ ಬೆಳಕು ಒಳಗೆ ಹೋಗದೆ ಎ-ಸ್ಕ್ಯಾನೇ ಗತಿಯಾಗುತ್ತದೆ. ‘ಇನ್ನೂ ಬಲಿಯಲಿ, ಆಮೇಲೆ ತೆಗೆಸೋಣ’ ಎಂದು ಕಾಯುವುದು ಬೇಡ ಎನ್ನಲು ಇದೂ ಒಂದು ಕಾರಣ. ಪೊರೆ ಗಟ್ಟಿಯಾದಷ್ಟೂ ಅದನ್ನು ಒಡೆಯಲು ಹೆಚ್ಚು ಅಲ್ಟ್ರಾಸೌಂಡ್ ಬೇಕು, ಕಾರ್ನಿಯಾ ಊದಿಕೊಳ್ಳುವ ಸಂಭವವೂ ಹೆಚ್ಚು.

ಅಳತೆಗೆ ಹೋಗುವ ಮುನ್ನ ಮೆದು ಕಾಂಟ್ಯಾಕ್ಟ್ ಲೆನ್ಸನ್ನು ಕನಿಷ್ಠ ಒಂದು ವಾರ, ಗಟ್ಟಿಯದನ್ನು ಎರಡು ಮೂರು ವಾರ ಬಿಟ್ಟಿರಬೇಕು. ಕಣ್ಣು ಒಣಗಿದ್ದರೆ ಕಾರ್ನಿಯಾದ ಅಳತೆ ಒಂದೊಂದು ಸಲ ಒಂದೊಂದು ಬರುತ್ತದೆ. ಮೊದಲು ಅದಕ್ಕೆ ಔಷಧಿ ಹಾಕಿ, ಮತ್ತೆ ಅಳೆಸಿ. ಹಿಂದೆ ಕನ್ನಡಕ ಬಿಡಿಸುವ ಲೇಸಿಕ್ ಲೇಸರ್ ಮಾಡಿಸಿಕೊಂಡಿದ್ದರೆ ಖಂಡಿತ ಹೇಳಿ, ಏಕೆಂದರೆ ಲೆನ್ಸಿನ ಪವರ್ ಲೆಕ್ಕಹಾಕುವ ಮಾಮೂಲಿ ಸೂತ್ರಗಳು ಅಂಥ ಕಣ್ಣಿಗೆ ಕೈಕೊಡುತ್ತವೆ. ಪ್ರಾಸ್ಟೇಟ್‌ಗೆ ಟ್ಯಾಮ್‌ಸುಲೋಸಿನ್ ಮಾತ್ರೆ ನುಂಗುತ್ತಿರುವ ಗಂಡಸರು ಅದನ್ನೂ ಹೇಳಲೇಬೇಕು. ಆ ಔಷಧಿಯಿಂದ ಐರಿಸ್ (ಪಾಪೆಯ ಸುತ್ತಲಿನ ಬಣ್ಣದ ಭಾಗ) ಸಡಿಲವಾಗಿ ಆಪರೇಷನ್ ನಡುವೆ ಪಾಪೆ ಕುಗ್ಗುತ್ತದೆ. ಮೊದಲೇ ಗೊತ್ತಿದ್ದರೆ ಡಾಕ್ಟರು ತಯಾರಾಗಿರುತ್ತಾರೆ.

ಈಗ ಲೆನ್ಸುಗಳು. ಮೊನೊಫೋಕಲ್ ಒಂದೇ ದೂರಕ್ಕೆ ಸ್ಪಷ್ಟ, ಸಾಮಾನ್ಯವಾಗಿ ದೂರದ ನೋಟಕ್ಕೆ. ಓದಲು +2.5ರ ಆಸುಪಾಸಿನ ಕನ್ನಡಕ ಬೇಕೇ ಬೇಕು. ಬೆಳಕೆಲ್ಲ ಒಂದೇ ಕಡೆ ಕೂಡುವುದರಿಂದ ಚಿತ್ರದ ಗುಣಮಟ್ಟದಲ್ಲಿ ಇದಕ್ಕೆ ಸಾಟಿಯಿಲ್ಲ. ನೀರು ಹೀರದ ಪ್ಲಾಸ್ಟಿಕ್ಕಾದ ಹೈಡ್ರೋಫೋಬಿಕ್ ಅಕ್ರಿಲಿಕ್, ಹಿಂಬದಿಯ ಅಂಚು ಚೌಕವಾಗಿರುವುದು, ಇವೆರಡಿದ್ದರೆ ಮುಂದೆ ಲೆನ್ಸಿನ ಹಿಂದೆ ಮಸುಕು ಕಟ್ಟುವುದು ಕಡಿಮೆ. 1949ರಲ್ಲಿ ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ ಮೊದಲ ಲೆನ್ಸ್ ಕೂರಿಸಿದ ಮೇಲೂ ದಶಕಗಳ ಕಾಲ ಇದು ನಮ್ಮ ಬಡವರ ಕೈಗೆ ಎಟುಕಿರಲಿಲ್ಲ. 1992ರಲ್ಲಿ ಶುರುವಾದ ಮದುರೈನ ಅರೋಲ್ಯಾಬ್ ಇಲ್ಲೇ ತಯಾರಿಸಿ ಬೆಲೆ ಇಳಿಸಿತು; ಅದು ದೊಡ್ಡ ಉಪಕಾರ. ದೇಶೀ ಮೊನೊಫೋಕಲ್ ಎಂದು ಹಿಂಜರಿಯಬೇಕಿಲ್ಲ. ಹೆಚ್ಚಿನವರಿಗೆ ನಮ್ಮ ಶಿಫಾರಸು ಮೊನೊಫೋಕಲ್ಲೇ.

ಟ್ರೈಫೋಕಲ್ ಬೆಳಕನ್ನು ದೂರ, ಮಧ್ಯಮ, ಹತ್ತಿರ ಎಂದು ಹಂಚುತ್ತದೆ. ಅಂಥದೊಂದು ಬ್ರ್ಯಾಂಡಾದ ಪ್ಯಾನ್‌ಆಪ್ಟಿಕ್ಸ್‌ನಲ್ಲಿ ಮಧ್ಯಮ ಎಂದರೆ 60 ಸೆಂಟಿಮೀಟರ್, ಹತ್ತಿರ ಎಂದರೆ 40. ಅಂದರೆ ಕಂಪ್ಯೂಟರ್ ನೋಡಲು, ಅಕ್ಕಿ ಆರಿಸಲು, ಪೇಪರ್ ಓದಲು ಹೆಚ್ಚಿನವರಿಗೆ ಕನ್ನಡಕ ಬೇಡ. ಆದರೆ ಹಂಚಿದ ಬೆಳಕಿಗೆ ಬೆಲೆ ತೆರಬೇಕು. ರಾತ್ರಿ ಎದುರಿನ ಲಾರಿಯ ಹೈಬೀಮ್ ಸುತ್ತ ಬಳೆಯಂತೆ ಪ್ರಭೆ ಕಾಣುತ್ತದೆ, ಮಬ್ಬು ಬೆಳಕಿನಲ್ಲಿ ಬೂದು ಗೋಡೆಗೂ ಬೂದು ಮೆಟ್ಟಿಲಿಗೂ ವ್ಯತ್ಯಾಸ ಕಡಿಮೆಯಾಗುತ್ತದೆ. ಹಲವರಿಗೆ ಕೆಲವು ತಿಂಗಳಲ್ಲಿ ಅಭ್ಯಾಸವಾಗುತ್ತದೆ, ಕೆಲವರಿಗೆ ಆಗುವುದೇ ಇಲ್ಲ. ರಾತ್ರಿ ಗಾಡಿ ಓಡಿಸುವವರಿಗೆ ಬೇಡ. ಸಕ್ಕರೆ ಕಾಯಿಲೆಯಿಂದ ರೆಟಿನಾ ಕೆಟ್ಟವರಿಗೆ, ರೆಟಿನಾದ ನಡುಭಾಗವಾದ ಮ್ಯಾಕುಲಾದ ತೊಂದರೆ ಇರುವವರಿಗೆ, ಮುಂದುವರಿದ ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಇರುವವರಿಗೆ ಹಾಕಲೇಬಾರದು. ರೆಟಿನಾದ ಪದರಗಳನ್ನು ತೋರಿಸುವ ಒಸಿಟಿ ಸ್ಕ್ಯಾನ್ ಮಾಡದೆ ಟ್ರೈಫೋಕಲ್ ಹಾಕುತ್ತೇವೆ ಎಂದರೆ ಅಲ್ಲಿಂದ ಎದ್ದು ಬನ್ನಿ.

ನಡುವಿನ ದಾರಿ ಇಡಾಫ್ ಲೆನ್ಸುಗಳು (ಸ್ಪಷ್ಟ ನೋಟದ ವ್ಯಾಪ್ತಿಯನ್ನು ಹಿಗ್ಗಿಸುವಂಥವು), ಉದಾಹರಣೆಗೆ ವಿವಿಟಿ ಎಂಬ ಬ್ರ್ಯಾಂಡ್. ದೂರ ಮತ್ತು ಕೈಯಳತೆಯ ನೋಟ ಚೆನ್ನ, ಪ್ರಭೆಯ ಕಾಟ ಕಡಿಮೆ, ಸಣ್ಣ ಅಕ್ಷರಕ್ಕೆ ಮಾತ್ರ ಕಡಿಮೆ ನಂಬರಿನ ಕನ್ನಡಕ. ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂರುವವರಿಗೆ ಇದು ಹೊಂದುತ್ತದೆ.

ಕಾರ್ನಿಯಾದಲ್ಲಿ ಸಿಲಿಂಡರ್ (ಅದರ ಬಾಗು ಎಲ್ಲ ಕಡೆ ಒಂದೇ ಸಮ ಇಲ್ಲದಿರುವುದರ ನಂಬರ್) ಸುಮಾರು 1ಕ್ಕಿಂತ ಹೆಚ್ಚಿದ್ದರೆ ಅದನ್ನು ಸರಿದೂಗಿಸುವ ಟೋರಿಕ್ ಲೆನ್ಸಿಗೆ ಕೊಟ್ಟ ದುಡ್ಡು ವ್ಯರ್ಥವಾಗದು. ಅದು ಇರಬೇಕಾದ ಕೋನದಿಂದ 1 ಡಿಗ್ರಿ ತಿರುಗಿದರೆ ಸುಮಾರು 3.3 ಶೇಕಡಾ ಪರಿಣಾಮ ಹೋಗುತ್ತದೆ, 30 ಡಿಗ್ರಿ ತಿರುಗಿದರೆ ಪೂರ್ತಿ ಹೋಯಿತು. ಮಲಗಿದಾಗ ಕಣ್ಣು ತುಸು ತಿರುಗುವುದರಿಂದ ಕೋನದ ಗುರುತನ್ನು ರೋಗಿ ಕೂತಿರುವಾಗಲೇ ಹಾಕಬೇಕು, ಇಲ್ಲವೇ ಯಂತ್ರದ ಚಿತ್ರದ ಆಧಾರವಿರಬೇಕು. ‘ಗುರುತು ಹೇಗೆ ಹಾಕುತ್ತೀರಿ?’ ಎಂದು ಕೇಳಿ. ಲೆನ್ಸ್ ಜರುಗಿದ್ದರೆ ಮೊದಲ ಒಂದೆರಡು ವಾರದಲ್ಲಿ ಸರಿಪಡಿಸುವುದು ಸುಲಭ.

ಆಪರೇಷನ್ ವಿಧಾನದ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಅಲ್ಟ್ರಾಸೌಂಡಿನಿಂದ ಪೊರೆ ಒಡೆದು ಹೀರುವ ಫೇಕೋದಲ್ಲಿ ಸೀಳು 2.2ರಿಂದ 2.8 ಮಿಲಿಮೀಟರ್, ಕೈಯಿಂದಲೇ ಪೊರೆ ಹೊರತೆಗೆಯುವ ಎಸ್‌ಐಸಿಎಸ್‌ನಲ್ಲಿ 6ರಿಂದ 7. ಕಂದು ಬಣ್ಣಕ್ಕೆ ತಿರುಗಿದ ಗಟ್ಟಿ ಪೊರೆಗೆ ನುರಿತ ಕೈಯ ಎಸ್‌ಐಸಿಎಸ್ ಒಳ್ಳೆಯ ಆಯ್ಕೆ. ಸೀಳು ಹಾಕಲು, ಪೊರೆ ಒಡೆಯಲು ಬಳಸುವ ಫೆಮ್ಟೊ ಲೇಸರಿಗೆಂದು ಹೆಚ್ಚು ಹಣ ಕೇಳಿದರೆ ಬೇಡ ಎನ್ನಬಹುದು: 2020ರಲ್ಲಿ ಪ್ರಕಟವಾದ ಫ್ರಾನ್ಸಿನ ಫೆಮ್‌ಕ್ಯಾಟ್ ಅಧ್ಯಯನದಲ್ಲಿ ಅದು ಫೇಕೋಗಿಂತ ಮೇಲೆನಿಸಲಿಲ್ಲ.

ಮನೆಗೆ ಬಂದಮೇಲೆ ಸ್ಟೀರಾಯ್ಡ್ ಡ್ರಾಪ್ಸ್ ನಾಲ್ಕರಿಂದ ಆರು ವಾರ, ಹಂತಹಂತವಾಗಿ ಇಳಿಸುತ್ತಾ. ಪ್ರೆಡ್ನಿಸೊಲೋನ್ ಅಸಿಟೇಟ್ ಬಾಟಲಿಯ ತಳದಲ್ಲಿ ಬಿಳಿ ಪುಡಿ ಕೂತಿರುತ್ತದೆ. ಚೆನ್ನಾಗಿ ಕುಲುಕದೆ ಹಾಕಿದರೆ ಬೀಳುವುದು ಬರೀ ನೀರು. ಎರಡು ಔಷಧಿಗಳ ನಡುವೆ ಐದು ನಿಮಿಷ ಬಿಡಿ. ಬಣ್ಣಗಳು ನೀಲಿಯಾಗಿ, ಪ್ರಖರವಾಗಿ ಕಂಡರೆ ಗಾಬರಿ ಬೇಡ, ಹಳದಿಗಟ್ಟಿದ ಹಳೆಯ ಮಸೂರ ಹೋಗಿದ್ದರ ಫಲ ಅದು. ನೋವು, ಕೆಂಪು, ನೋಟ ಕುಸಿಯುವುದು, ವಿಶೇಷವಾಗಿ ಮೊದಲ ವಾರದಲ್ಲಿ, ಒಳಗೆ ಸೋಂಕಾದ ಲಕ್ಷಣವಿರಬಹುದು. ಬೆಳಗಾಗಲಿ ಎನ್ನದೆ ಆಗಲೇ ಆಸ್ಪತ್ರೆಗೆ ಹೋಗಿ. ಹೊಸ ಕನ್ನಡಕವನ್ನು ಒಂದು ತಿಂಗಳಿಗೆ ಮುಂಚೆ ಮಾಡಿಸಬೇಡಿ.

ಲೆನ್ಸಿನ ಮಾಡೆಲ್, ಪವರ್, ಸೀರಿಯಲ್ ನಂಬರ್ ಇರುವ ಸ್ಟಿಕ್ಕರನ್ನು ಡಿಸ್ಚಾರ್ಜ್ ಚೀಟಿಗೆ ಅಂಟಿಸಿಕೊಡುವಂತೆ ಕೇಳಿ. ತಿಂಗಳುಗಳೋ ವರ್ಷಗಳೋ ಕಳೆದು ಮತ್ತೆ ಮಸುಕಾದರೆ ಪೊರೆ ಮರಳಿ ಬಂದದ್ದಲ್ಲ, ಲೆನ್ಸ್ ಕೂತಿರುವ ತೆಳು ಚೀಲದ ಹಿಂಗೋಡೆ ಮಬ್ಬಾಗಿರುತ್ತದೆ. ಯಾಗ್ ಲೇಸರಿನಿಂದ ಅದರಲ್ಲಿ ಕಿಂಡಿ ತೆರೆಯುವುದು ಕೆಲವೇ ನಿಮಿಷದ ಕೆಲಸ. ಆದರೆ ಟ್ರೈಫೋಕಲ್ ಒಗ್ಗುತ್ತಿಲ್ಲ ಎಂದು ದೂರಿದವರಿಗೆ ಮೊದಲೇ ಯಾಗ್ ಮಾಡಲು ಒಪ್ಪಬೇಡಿ. ಚೀಲದ ಹಿಂಗೋಡೆ ತೆರೆದುಕೊಂಡರೆ ಆ ಲೆನ್ಸ್ ತೆಗೆದು ಬೇರೆ ಕೂರಿಸುವುದು ಬಹಳ ಕಷ್ಟ.